ಒಂದು ಗೇಣು ನೆಲ

ನಮ್ಮ ಪೇಟೆ ಬೀದಿಗೆ ಎರಡು ಮೂರು ವರ್ಷಕ್ಕೊಮ್ಮೆ ಡಾಂಬರು ಹಾಕುತ್ತಿದ್ದರು. ಹಳೆಯದನ್ನು ಕೆತ್ತಿ ತೆಗೆದು ಹೊಸದು ಹಾಕುವ ಅಭ್ಯಾಸ ಯಾರಿಗೂ ಇರಲಿಲ್ಲ. ಇದ್ದುದರ ಮೇಲೇ ಸುರಿದು, ರೋಲರ್ ಓಡಿಸಿ ಹೋಗಿಬಿಡುತ್ತಿದ್ದರು. ಹೀಗೆ ಹುಣಸೂರಿನ ಆ ಬೀದಿಯೂ ಮಕ್ಕಳ ಹಾಗೆ ನೋಡನೋಡುತ್ತಲೇ ಎತ್ತರಕ್ಕೆ ಬೆಳೆಯಿತು. ನಾನು ಮದುವೆಯಾಗಿ ಬಂದಾಗ ನಮ್ಮ ಕಟ್ಟಡದ ಮಳಿಗೆಗಳಿಗೆ ಒಂದು ಮೆಟ್ಟಿಲು ಹತ್ತಿ ಹೋಗಬೇಕಿತ್ತು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಮೆಟ್ಟಿಲು ಇಳಿದು ಹೋಗಬೇಕಾಯಿತು.

ಕಟ್ಟಡ ನನ್ನ ಗಂಡನ ತಾತ ಹೊಗೆಸೊಪ್ಪು ಬೆಳೆದು ಕೊಂಡಿದ್ದು. ಕೆಳಗೆ ಮೂರು ಮಳಿಗೆ, ಮೇಲೆ ನಾವು. ಎಡಕ್ಕೂ ಬಲಕ್ಕೂ ಬೇರೆಯವರ ಕಟ್ಟಡಗಳು ಗೋಡೆಗೆ ಗೋಡೆ ಅಂಟಿಕೊಂಡಿದ್ದವು. ಪಕ್ಕದ ಮನೆಯವರು ಮೊಳೆ ಹೊಡೆದರೆ ನಮ್ಮ ಕ್ಯಾಲೆಂಡರ್ ಅಲ್ಲಾಡುತ್ತಿತ್ತು. ಮಳೆಗಾಲದಲ್ಲಿ ರಸ್ತೆಯ ನೀರೆಲ್ಲ ನೇರವಾಗಿ ನಮ್ಮ ಮಳಿಗೆಗಳಿಗೆ ನುಗ್ಗುತ್ತಿತ್ತು. ಒಂದು ಕೊನೆಯಲ್ಲಿದ್ದ ಸೈಕಲ್ ಅಂಗಡಿಯವನು ಬೇಸತ್ತು ಬಿಟ್ಟುಹೋದ. ಇನ್ನೊಂದು ಕೊನೆಯ ಗೋದಾಮು ಯಾವಾಗಲೋ ಖಾಲಿಯಾಗಿತ್ತು. ಉಳಿದಿದ್ದು ನಡುವಿನ ಗ್ರಂದಿಗೆ ಅಂಗಡಿ ಒಂದೇ. ಬಾಣಂತಿ ಮದ್ದಿನ ಬೇರು ನಾರು, ಪೂಜೆ ಸಾಮಾನು, ಮಕ್ಕಳಿಗೆ ತೇಯ್ದು ನೆಕ್ಕಿಸುವ ಬಜೆ, ಜಾಯಿಕಾಯಿ, ಅಳಲೆಕಾಯಿ, ಹೀಗೆ ಯಾವುದು ಕೇಳಿದರೂ ಸಿಗುವ ಅಂಗಡಿ. ಎಚ್.ಡಿ. ಕೋಟೆಯ ಒಳಗಿನ ಹಳ್ಳಿಗಳಿಂದಲೂ ಜನ ಬಸ್ಸು ಹತ್ತಿ ಬರುತ್ತಿದ್ದರು.

ಆಗ ನಾನು ಸರ್ಕಾರಿ ಶಾಲೆಯಲ್ಲಿ ಟೀಚರು. ನನ್ನ ಗಂಡ ಬೀಚನಹಳ್ಳಿಯಲ್ಲಿ, ಅಣೆಕಟ್ಟಿನ ಕೆಲಸದಲ್ಲಿ. ಶನಿವಾರ ಸಂಜೆ ಬರುವುದು, ಸೋಮವಾರ ಮೊದಲ ಬಸ್ಸಿಗೆ ಹೋಗುವುದು. ಹಾಗಾಗಿ ಕಟ್ಟಡ ರಿಪೇರಿ ಮಾಡಿಸೋಣ ಎಂದು ತೀರ್ಮಾನವಾದಾಗ ಮಾಡಿಸುವ ಕೆಲಸ ನನ್ನ ತಲೆಗೆ ಬಂತು. ನನ್ನ ಕೋಪದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಕೆ.ಆರ್. ನಗರದ ಕಡೆ, ಹೊಸ ಅಗ್ರಹಾರದ ಹತ್ತಿರದ ನನ್ನ ತವರಿನಲ್ಲಿ ನನಗೆ ಒಗ್ಗರಣೆ ಎಂದೇ ಹೆಸರಿತ್ತು. ಚಟಪಟ ಸಿಡಿಯುವುದು, ಆಮೇಲೆ ತಣ್ಣಗಾಗುವುದು. ಬಾಯಿಗೆ ಬಂದದ್ದನ್ನು ಹೇಳಿಬಿಡುವುದು ಪ್ರಾಮಾಣಿಕತೆ ಎಂದು ಆ ವಯಸ್ಸಿನಲ್ಲಿ ನಾನು ನಂಬಿದ್ದೆ.

ಗ್ರಂದಿಗೆ ಅಂಗಡಿಯವರಿಗೆ ಆಗ ಅರವತ್ತು ದಾಟಿತ್ತೇನೋ. ಪೇಟೆಯವರೆಲ್ಲ ಯಜಮಾನ್ರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಬಿಳಿ ಅಂಗಿ, ಪಂಚೆ, ಹೆಗಲ ಮೇಲೊಂದು ಟವೆಲ್ಲು. ಅಂಗಡಿಯ ಬಾಗಿಲ ಬಳಿ ಅವರ ಹೆಂಡತಿ ಸ್ಟೂಲಿನ ಮೇಲೆ ಕೂತು ಪೊಟ್ಟಣ ಕಟ್ಟುತ್ತಿದ್ದರು. ಈಚೆಗೆ ಯಜಮಾನರಿಗೆ ಬಹಳ ಜಂಬ ಬಂದಿದೆ ಎಂದು ನನಗೆ ಅನಿಸತೊಡಗಿತ್ತು. ಎದುರಿಗೆ ಸಿಕ್ಕಾಗ ನಕ್ಕರೆ ತಿರುಗಿ ನಗುತ್ತಿರಲಿಲ್ಲ. ಯಾರಾದರೂ ಚೀಟಿ ಕೊಟ್ಟರೆ ಕೈಯಲ್ಲೂ ಹಿಡಿಯದೆ, "ನೀವೇ ಓದ್ತಾ ಓಗಿ ಕಣ್ರೀ, ನಾ ತೆಗೀತಾ ಓಯ್ತೀನಿ" ಎನ್ನುತ್ತಿದ್ದರು. ಒಮ್ಮೆ ನನ್ನ ಅಪ್ಪ ಟೊಮೆಟೊ ಗಿಡಕ್ಕೆ ಹೊಡೆಯಲು ಮೈಲುತುತ್ತ ಬೇಕು ಎಂದರು. ಕೇಳಲು ಹೋದರೆ ಯಜಮಾನರು, "ಅದೆಲ್ಲ ಮಡಗೋದ್ ಬುಟ್ಬುಟ್ಟೆ" ಎಂದು ಮುಖ ಆಚೆ ತಿರುಗಿಸಿಕೊಂಡರು. ಕಟ್ಟಡದವರ ಮನೆಯ ಸೊಸೆಗೆ ಹೀಗೆ ಮಾತಾಡುವುದೇ ಎಂದು ನಾನು ಒಂದು ತಿಂಗಳು ಅವರ ಅಂಗಡಿಯ ಮೆಟ್ಟಿಲಿಳಿಯಲಿಲ್ಲ.

ರಿಪೇರಿಯ ಮಾತೆತ್ತಿದಾಗಲೂ ಅವರು ಸುಲಭಕ್ಕೆ ಒಪ್ಪಲಿಲ್ಲ. ಅಂಗಡಿ ಬಿಡಿಸುತ್ತೇವೆ ಎಂದು ಹೆದರಿದ್ದಾರೆ ಎಂದುಕೊಂಡು ನಾನು, "ಎರಡೇ ತಿಂಗಳು ಯಜಮಾನ್ರೇ, ಮತ್ತೆ ನಿಮಗೇ ಕೊಡ್ತೀವಿ, ಬೇಕಾದ್ರೆ ಬರೆದು ಕೊಡ್ತೀನಿ" ಎಂದೆ.

"ಬರಿಯೋದ್ ಬ್ಯಾಡ ಕಣವ್ವ, ನಿಮ್ ಮಾತೇ ಸಾಕು," ಅಂದರು. "ಆದ್ರೆ ಈ ಗೋಡೆ ಮುಟ್ಬಾರ್ದು. ಸುಣ್ಣ ಬಳೀರಿ, ಬ್ಯಾಡ ಅನ್ನಕಿಲ್ಲ. ಗೂಡು ಮಾತ್ರ ಒಂದೂ ಆಚೆ ಈಚೆ ಆಗ್ಬಾರ್ದು. ಯಾವ್ ಗೂಡ್ನಲ್ಲಿ ಏನಿತ್ತೋ ಅಲ್ಲೇ ಅದು ಇರ್ಬೇಕು."

ಅವರು ಹೇಳಿದ ಗೋಡೆ ಅಂಗಡಿಯ ಹಿಂದಿನ ಗೋಡೆ. ಒಂದೂವರೆ ಅಡಿ ದಪ್ಪದ ಹಳೆಯ ಗಾರೆ ಗೋಡೆಯಲ್ಲಿ ಕಲ್ಲಿನ ಹಲಗೆಗಳನ್ನು ಕೂರಿಸಿ ಸಾಲು ಸಾಲಾಗಿ ಗೂಡು ಮಾಡಿದ್ದರು. ಕೆಳಗಿನಿಂದ ಮೇಲಕ್ಕೆ ಏಳು ಸಾಲು, ಸಾಲಿಗೆ ಹನ್ನೆರಡು ಗೂಡು. ಒಂದು ಸಾಲಿಗೂ ಇನ್ನೊಂದಕ್ಕೂ ಸರಿಯಾಗಿ ಒಂದು ಗೇಣು. ಈ ಗೂಡುಗಳ ಮುಂದೆ ಅವರು ನಿಲ್ಲುತ್ತಿದ್ದರು, ಅವರ ಮುಂದೆ ಉದ್ದನೆಯ ಮರದ ಮೇಜು, ಮೇಜಿನಾಚೆ ಗಿರಾಕಿಗಳು. ಗಾಜಿನ ಕಪಾಟು ಹಾಕಿಸಿದರೆ ಚೆನ್ನಾಗಿರುತ್ತದೆ ಎಂದೆ. ಬೇಡ ಎಂದರು. ಎರಡು ಟ್ಯೂಬ್‌ಲೈಟ್ ಹಾಕಿಸುತ್ತೇನೆ ಎಂದೆ. "ನಂಗ್ಯಾಕವ್ವ ಟ್ಯೂಬ್‌ಲೈಟು, ಗಿರಾಕಿಗೆ ಬೇಕಾದ್ರೆ ಆಕ್ಸಿ" ಎಂದರು. ಇವರ ಹಟಕ್ಕೆ ಕೊನೆಯೇ ಇಲ್ಲವೇ ಎಂದು ಮೈಯೆಲ್ಲ ಉರಿಯಿತು. ಆದರೂ ಮಾತು ಕೊಟ್ಟೆ. ಗೋಡೆ ಮುಟ್ಟುವುದಿಲ್ಲ, ಒಂದು ಲವಂಗವೂ ಜಾಗ ಬದಲಿಸುವುದಿಲ್ಲ ಎಂದೆ. ಯಜಮಾನರೂ ಅವರ ಹೆಂಡತಿಯೂ ಎರಡು ತಿಂಗಳ ಮಟ್ಟಿಗೆ ಪಿರಿಯಾಪಟ್ಟಣದಲ್ಲಿದ್ದ ಮಗಳ ಮನೆಗೆ ಹೋದರು.

ಕೊಟ್ಟ ಮಾತಿನ ವಿಷಯದಲ್ಲಿ ನಾನು ಟೀಚರೇ. ಮಕ್ಕಳ ಚೌಕುಳಿ ಪುಸ್ತಕ ತಂದು ಏಳು ಸಾಲು, ಹನ್ನೆರಡು ಮನೆ ಎಳೆದು, ಪ್ರತಿ ಮನೆಯೊಳಗೆ ಆ ಗೂಡಿನಲ್ಲಿದ್ದ ಸಾಮಾನಿನ ಹೆಸರು ಬರೆದೆ. ಎಲ್ಲ ಡಬ್ಬಿಗಳಿಗೂ ಚೀಟಿ ಅಂಟಿಸಿ ಮಹಡಿಗೆ ಸಾಗಿಸಿದೆ. ಎರಡು ತಿಂಗಳು ನಮ್ಮ ಮನೆಯ ಸಾರು, ಸೀರೆ, ದಿಂಬು ಎಲ್ಲಕ್ಕೂ ಹಿಪ್ಪಲಿಯ ವಾಸನೆ ಹತ್ತಿತು. ಶಾಲೆಯಲ್ಲಿ ಹತ್ತಿರ ಕೂತವರು, ಮನೆಯಲ್ಲಿ ಯಾರಿಗೆ ಬಾಣಂತನ ಎಂದು ಕೇಳಿದ್ದೂ ಉಂಟು.

ಮೇಸ್ತ್ರಿ ಎನ್. ಬೇಗೂರಿನ ಕಡೆಯವರು. ಎಷ್ಟೋ ವರ್ಷ ವಯನಾಡಿನಲ್ಲಿ ಕೆಲಸ ಮಾಡಿ ಬಂದಿದ್ದರಿಂದ ಅಳತೆ ಹಿಡಿಯುವಾಗ ಮಾತ್ರ ಅವರಿಗೆ ಮಲಯಾಳ ಬರುತ್ತಿತ್ತು. "ಒನ್ನು, ರಂಡು, ಮೂನ್ನು" ಎಂದು ಎಣಿಸಿ, "ಮೂರು ಕಣ್ ಟೀಚರಮ್ಮ" ಎಂದು ನನಗೆ ಕನ್ನಡದಲ್ಲಿ ಹೇಳುತ್ತಿದ್ದರು. ಅವರ ಜೇಬಿನಲ್ಲಿ ಯಾವಾಗಲೂ ಒಂದು ಗಾಜಿನ ಗೋಲಿ ಇರುತ್ತಿತ್ತು. ನೆಲ ಹಾಕಿ ಮುಗಿಸಿದ ಮೇಲೆ ಆ ಗೋಲಿಯನ್ನು ನಡುವೆ ಇಟ್ಟು ಕೈ ತೆಗೆಯುವರು. ಗೋಲಿ ಇಟ್ಟಲ್ಲೇ ನಿಲ್ಲಬೇಕು. ನಿಂತರೆ ಸುತ್ತ ಇದ್ದವರ ಮುಖವನ್ನೆಲ್ಲ ಒಮ್ಮೆ ನೋಡಿ ಗೋಲಿಯನ್ನು ಮತ್ತೆ ಜೇಬಿಗೆ ಇಳಿಸುವರು. "ಗ್ವಾಡೆ ಬೇಕಾರೆ ಯಾರಾದ್ರೂ ಕಟ್ತಾರೆ. ಮಟ್ಟ ಮಾತ್ರ ನಂದು ತಪ್ಪಕಿಲ್ಲ" ಎನ್ನುವುದು ಅವರ ಮಾತು. ಅವರಿಗೆ ಕೆಲಸ ಸಿಗುತ್ತಿದ್ದುದೇ ಆ ಮಾತಿನ ಮೇಲೆ.

ಮಟ್ಟದ ಹುಚ್ಚು ನನ್ನ ಗಂಡನಿಗೂ ಕಡಿಮೆ ಇರಲಿಲ್ಲ. ವಾರವಿಡೀ ಕಬಿನಿಯ ನೀರು ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಬರೆಯುವ ಮನುಷ್ಯ, ಶನಿವಾರ ಬಂದ ಕೂಡಲೇ ಕಾಫಿಯನ್ನೂ ಕುಡಿಯದೆ ನೀರು ತುಂಬಿದ ಪೈಪು ಹಿಡಿದು ರಸ್ತೆಯ ಎತ್ತರ ಅಳೆಯಲು ನಿಲ್ಲುತ್ತಿದ್ದರು. ಮೇಸ್ತ್ರಿಗೂ ಅವರಿಗೂ ಒಳ್ಳೆಯ ಜೊತೆ. ಇಬ್ಬರೂ ಮಾತಾಡಿ, ಮೂರು ಮಳಿಗೆಗಳ ನೆಲವನ್ನೂ ಒಂದು ಗೇಣು ಎತ್ತರಿಸಬೇಕು ಎಂದು ನಿಶ್ಚಯಿಸಿದರು. ಆಗ ನೆಲ ರಸ್ತೆಗಿಂತ ಮೇಲಾಗುತ್ತದೆ, ಮತ್ತೆ ಡಾಂಬರು ಹಾಕಿದರೂ ಕೆಲವು ವರ್ಷ ಚಿಂತೆಯಿಲ್ಲ. ನನಗೂ ಸರಿ ಎನಿಸಿತು. ಗೋಡೆ ಮುಟ್ಟಬೇಡಿ ಎಂದಿದ್ದರು ಯಜಮಾನರು. ನಾವು ಗೋಡೆ ಮುಟ್ಟಲಿಲ್ಲ. ನೆಲದ ವಿಷಯ ಅವರೂ ಹೇಳಿರಲಿಲ್ಲ, ನಾವೂ ಕೇಳಲಿಲ್ಲ.

ಆ ಬೀದಿಯಲ್ಲಿ ಕೆಲಸ ಮಾಡಿಸುವುದೆಂದರೆ ತುಂಬಿದ ಬಸ್ಸಿನಲ್ಲಿ ಸೀರೆ ಉಟ್ಟ ಹಾಗೆ. ಮರಳಿನ ಲಾರಿ ಬೆಳಗಿನ ಜಾವ ಬಂದು ಬೀದಿಯ ಬಾಯಲ್ಲಿ ಸುರಿದು ಹೋಗಬೇಕು, ಅಂಗಡಿಗಳು ತೆಗೆಯುವುದರೊಳಗೆ ಅದನ್ನೆಲ್ಲ ತಲೆಹೊರೆಯಲ್ಲಿ ಒಳಗೆ ಸಾಗಿಸಬೇಕು. ಒಂದು ಬಾಂಡಲಿ ಉಳಿದರೂ ಎದುರಿನ ಹೋಟೆಲಿನವರು ದೋಸೆಗೆ ಮರಳು ಬಿತ್ತು ಎಂದು ಜಗಳಕ್ಕೆ ನಿಲ್ಲುವರು. ಅವರೊಂದಿಗೆ ನಾನು ಮೂರು ಸಲ ಜಗಳವಾಡಿ ನಾಲ್ಕನೆಯ ಸಲ ಅವರದೇ ದೋಸೆ ತಿಂದು ರಾಜಿಯಾದೆ. ಮೇಲಿನ ತೊಲೆ ಬದಲಾಯಿತು, ಮುರುಕು ಹಲಗೆ ಬಾಗಿಲುಗಳ ಜಾಗಕ್ಕೆ ಶಟರ್ ಬಂತು. ಹಳೆಯ ಕಡಪ ಕಲ್ಲಿನ ನೆಲವನ್ನು ಕೀಳುವುದು ಬೇಡ ಎಂದು ಅದರ ಮೇಲೇ ಮರಳು, ಜಲ್ಲಿ ತುಂಬಿ ಹೊಸ ನೆಲ ಹಾಕಿದರು. ಮೇಜನ್ನೂ ಹೊಸ ನೆಲದ ಮೇಲೆ ಕೂರಿಸಿದರು. ಗೋಲಿ ಇಟ್ಟಲ್ಲೇ ನಿಂತಿತು.

ಮತ್ತೆ ತೆರೆಯುವ ಹಿಂದಿನ ದಿನ ಶಾಲೆಗೆ ರಜೆ ಹಾಕಿ, ಚೌಕುಳಿ ಪುಸ್ತಕ ಹಿಡಿದು ಎಂಬತ್ತನಾಲ್ಕು ಗೂಡನ್ನೂ ನಾನೇ ತುಂಬಿದೆ. ಪ್ರತಿ ಗೂಡು ತುಂಬಿದ ಮೇಲೂ ಪುಸ್ತಕದಲ್ಲಿ ಒಂದು ಸರಿ ಗುರುತು. ಒಂದೂ ತಪ್ಪಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಮಾರನೆಯ ದಿನ ಬೆಳಿಗ್ಗೆ ಯಜಮಾನರೂ ಅವರ ಹೆಂಡತಿಯೂ ಪಿರಿಯಾಪಟ್ಟಣದ ಬಸ್ಸಿಳಿದು ಬಂದರು. ಅಂಗಡಿಯೊಳಗೆ ಕಾಲಿಡುವಾಗ ಯಜಮಾನರು ಎಡವಿದರು. ಇಳಿಯಲು ಕಾಲು ಚಾಚಿದ್ದರು, ಅಲ್ಲಿ ಹತ್ತಬೇಕಿತ್ತು. "ಎತ್ತರ ಮಾಡ್ಸಿದ್ದೀವಿ ಯಜಮಾನ್ರೇ, ಇನ್ನು ನೀರು ಬರಲ್ಲ" ಎಂದೆ. "ಒಳ್ಳೇದಾಯ್ತು ಬುಡಿ" ಎಂದು ಮೇಜು ಹಿಡಿದುಕೊಂಡು ಹಿಂದಕ್ಕೆ ಹೋದರು. ಗೂಡುಗಳನ್ನು ಎಡದಿಂದ ಬಲಕ್ಕೆ ಬೆರಳಲ್ಲಿ ಸವರಿ ಎಣಿಸಿದರು. ಹನ್ನೆರಡೂ ಇದ್ದವು. ಅವರ ಮುಖ ಅರಳಿದ್ದು ನೋಡಿ ನನಗೂ ಬಹಳ ಖುಷಿಯಾಯಿತು.

ಪೂಜೆಗೆ ಬೀದಿಯ ಅಂಗಡಿಯವರೆಲ್ಲ ಬಂದಿದ್ದರು. ಎದುರಿನ ಹೋಟೆಲಿನವರು, ಬಟ್ಟೆ ಅಂಗಡಿಯವರು, ಪಾತ್ರೆ ಅಂಗಡಿಯವರು, ಜೊತೆಗೆ ಒಗೆದ ಅಂಗಿ ಹಾಕಿಕೊಂಡು ಬಾಗಿಲ ಬಳಿ ನಿಂತ ಮೇಸ್ತ್ರಿ. ಯಜಮಾನರ ಹೆಂಡತಿ ಹೊರಗೆ ರಂಗೋಲಿ ಬಿಡುತ್ತಿದ್ದರು. ಮಂಗಳಾರತಿಯಾದ ಮೇಲೆ ಪ್ರಸಾದಕ್ಕೆ ಕಲ್ಲುಸಕ್ಕರೆ ತಮ್ಮ ಅಂಗಡಿಯದೇ ಆಗಬೇಕು ಎಂದು ಯಜಮಾನರು ಗೂಡಿನ ಕಡೆ ತಿರುಗಿದರು. ಎದೆಯ ಎತ್ತರಕ್ಕೆ ಕೈ ಚಾಚಿ, ಎಡದಿಂದ ಐದನೆಯ ಗೂಡಿಗೆ ಕೈ ಹಾಕಿ, ಎರಡು ಹಿಡಿ ತೆಗೆದು ತಟ್ಟೆಗೆ ಸುರಿದರು. ಹೊಳೆಯುವ ಬಿಳಿ ಹರಳು. "ಕಟ್ಟಡದೋರು ನೀವು, ಮೊದ್ಲು ನೀವು ತಕಳಿ" ಎಂದು ತಟ್ಟೆಯನ್ನು ನನ್ನ ಮುಂದೆ ಹಿಡಿದರು.

ನಾನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡೆ. ನಾಲಿಗೆ ಹಿಂಡಿದ ಹಾಗಾಯಿತು. ಕೆನ್ನೆಗಳು ಒಳಕ್ಕೆ ಸೆಳೆದುಕೊಂಡವು. ಅದು ಪಟಿಕ. ಕ್ಷೌರದಂಗಡಿಯಲ್ಲಿ ಗಡ್ಡ ಕೆರೆದ ಮೇಲೆ ಗಲ್ಲಕ್ಕೆ ಉಜ್ಜುತ್ತಾರಲ್ಲ, ಆ ಪಟಿಕ.

ಉಗುಳಬೇಕು, ಇದೇನು ಯಜಮಾನ್ರೇ ಎಂದು ಕೂಗಬೇಕು. ನನ್ನ ಸ್ವಭಾವ ಅದೇ. ಬಾಯಿ ತೆರೆಯುವುದರಲ್ಲಿದ್ದೆ. ಅಷ್ಟರಲ್ಲಿ ಅವರ ಮುಖ ನೋಡಿದೆ. ತಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಆದರೆ ನಾನು ನಿಂತ ಕಡೆಗಲ್ಲ. ನಾನು ಆಗ ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದೆ, ಅವರು ನಾನು ಮೊದಲು ನಿಂತಿದ್ದ ಖಾಲಿ ಜಾಗವನ್ನು ನೋಡಿ ನಗುತ್ತಿದ್ದರು. ಬೀದಿಯಲ್ಲಿ ನಗದೆ ಹೋದದ್ದು, ಚೀಟಿ ಹಿಡಿಯದೆ ಇದ್ದದ್ದು, ಟ್ಯೂಬ್‌ಲೈಟ್ ಬೇಡವೆಂದದ್ದು ಎಲ್ಲ ಒಟ್ಟಿಗೆ ನೆನಪಿಗೆ ಬಂತು. ಈ ಮನುಷ್ಯನಿಗೆ ಕಣ್ಣು ಕಾಣುತ್ತಿಲ್ಲ.

ಹೋಟೆಲಿನವರ ಕೈ ಆಗಲೇ ತಟ್ಟೆಯ ಹತ್ತಿರ ಬಂದಿತ್ತು. ನಾನು ತಟ್ಟೆ ಕಿತ್ತುಕೊಂಡೆ. "ಯಾರೂ ತಗೋಬೇಡಿ, ಮೇಲಿಂದ ಸುಣ್ಣ ಉದುರಿಬಿಟ್ಟಿದೆ" ಎಂದು ತಟ್ಟೆಯನ್ನು ಸೆರಗಿನಡಿಗೆ ಹಾಕಿಕೊಂಡು, ಎಲ್ಲರಿಗೂ ಬಾಳೆಹಣ್ಣು ಹಂಚಿದೆ. ಬಾಯಲ್ಲಿದ್ದ ಪಟಿಕವನ್ನು ನುಂಗಿಬಿಟ್ಟಿದ್ದೆ. ಬಾಗಿಲ ಬಳಿ ನಿಂತಿದ್ದ ಮೇಸ್ತ್ರಿ ಕತ್ತೆತ್ತಿ ತಾವು ಬಳಿಸಿದ ಸುಣ್ಣವನ್ನು ಮೂಲೆ ಮೂಲೆಯೂ ನೋಡುತ್ತಿದ್ದರು. "ನನ್ ಕೆಲ್ಸದಲ್ಲಿ ಸುಣ್ಣ ಉದುರ್ತದಾ ಟೀಚರಮ್ಮ" ಎಂದು ಮೆಲ್ಲಗೆ ಕೇಳಿ, ಬಾಳೆಹಣ್ಣು ತೆಗೆದುಕೊಳ್ಳದೆ ಹೊರಟುಹೋದರು.

ಜನ ಕರಗಿದ ಮೇಲೆ ನಾನು ಮೇಜಿನ ಹಿಂದಕ್ಕೆ ಹೋಗಿ, "ಯಜಮಾನ್ರೇ, ನೀವು ಕೊಟ್ಟಿದ್ದು ಪಟಿಕ" ಎಂದೆ.

ಅವರು ಕೈಯನ್ನು ಮತ್ತೆ ಅದೇ ಗೂಡಿಗೆ ಹಾಕಿ, ಒಂದು ಹರಳನ್ನು ನಾಲಿಗೆಗೆ ಮುಟ್ಟಿಸಿ ನೋಡಿದರು. ಆಮೇಲೆ ನೆಲವನ್ನು ಕಾಲಿನಿಂದ ತಟ್ಟಿದರು. "ನೆಲ ಎಷ್ಟ್ ಎತ್ರ ಆಗದೆ?"

"ಒಂದು ಗೇಣು."

"ಅದಕ್ಕೆ," ಅಂದರು. "ಗೂಡು ನಂಗೆ ಕಣ್ಣಿಗ್ ಗೊತ್ತಿಲ್ಲ ಕಣವ್ವ, ಮೈಗ್ ಗೊತ್ತು. ಮೊಣಕಾಲಿಗೆ ಮೊದಲ್ನೇ ಸಾಲು. ಆಮ್ಯಾಕೆ ತೊಡೆ, ಸೊಂಟ. ಎದೆಗೆ ಕಲ್ಲುಸಕ್ರೆ ಸಾಲು, ಭುಜಕ್ಕೆ ಪಟಿಕದ್ ಸಾಲು. ಈಗ ನಾನೇ ಒಂದ್ ಸಾಲು ಮ್ಯಾಕ್ ಬಂದ್ಬುಟ್ಟಿದ್ದೀನಿ."

ಅವರ ಹೆಂಡತಿ ರಂಗೋಲಿ ಬಟ್ಟಲು ಹಿಡಿದುಕೊಂಡೇ ಒಳಗೆ ಬಂದು ನಿಂತರು. ಮುಚ್ಚಿಡುವುದರಲ್ಲಿ ಇನ್ನು ಅರ್ಥವಿಲ್ಲ ಎಂದು ಅವರಿಗೆ ತಿಳಿದುಹೋಯಿತು. "ಮೂರ್ ವರ್ಷ ಆಯ್ತು ಕಣ್ ತಾಯಿ," ಅಂದರು. "ಮೈಸೂರ್‌ನಾಗೆ ತೋರ್ಸಿದೊ. ಕಣ್ಣಿನ ನರ ಒಣಗೋಗದೆ, ಆಪ್ರೇಸನ್ ಮಾಡಿದ್ರೂ ಬರಕಿಲ್ಲ ಅಂದ್ಬುಟ್ರು. ಬೆಳಕ್ ಕಾಣ್ತದೆ, ಬಿಸ್ಲಲ್ಲಿ ಆಳು ನೆಳ್ಳಂಗೆ ಕಾಣ್ತಾರೆ. ಮೊಕ ಕಾಣಕಿಲ್ಲ."

ಯಾಕೆ ಯಾರಿಗೂ ಹೇಳಲಿಲ್ಲ ಎಂದೆ.

"ಕಣ್ ಕಾಣ್ದೋನು ಬಾಣಂತಿ ಮದ್ದು ಕಟ್ಕೊಡ್ತಾನೆ ಅಂದ್ರೆ ಯಾರವ್ವ ಈಸ್ಕತಾರೆ?" ಎಂದರು ಯಜಮಾನರು. ದನಿಯಲ್ಲಿ ದೂರೇನೂ ಇರಲಿಲ್ಲ. "ಕಣ್ಣು ಮಂಜಾದ್ ವಾರವೇ ಮೈಲುತುತ್ತ, ಪಾಷಾಣ, ಅಂಥವನ್ನೆಲ್ಲ ಅಂಗ್ಡಿಯಿಂದ ಆಚೆ ಆಕ್ಬುಟ್ಟೆ. ಏನೇ ತೆಗುದ್ರೂ ಮೂಗಿಗಿಡ್ದು ನೋಡ್ತೀನಿ. ಆಮ್ಯಾಕೆ ಇವ್ಳು ನೋಡಿ ಪೊಟ್ಣ ಕಟ್ತಾಳೆ. ಪಟಿಕಕ್ಕೂ ಕಲ್ಲುಸಕ್ರೆಗೂ ವಾಸ್ನೆ ಇಲ್ವಲ್ಲ, ಇವತ್ತು ಮೂಗೂ ಕೈ ಕೊಟ್ಬುಡ್ತು."

ಮೈಲುತುತ್ತ ಕೊಡಲಿಲ್ಲ ಎಂದು ಒಂದು ತಿಂಗಳು ಸಿಟ್ಟು ಮಾಡಿಕೊಂಡಿದ್ದ ನನ್ನ ಮೇಲೆ ನನಗೇ ಅಸಹ್ಯವಾಯಿತು. ಸಾಮಾನುಗಳನ್ನು ಒಂದೊಂದು ಸಾಲು ಮೇಲೆ ಜರುಗಿಸಿಬಿಡೋಣ ಎಂದೆ. ಹೇಳಿದ ಮೇಲೆ ತಿಳಿಯಿತು, ನೆತ್ತಿಯ ಸಾಲಿನದನ್ನು ಇಡಲು ಮೇಲೆ ಎಂಟನೆಯ ಸಾಲೇ ಇಲ್ಲ, ಮೊಣಕಾಲಿನ ಸಾಲು ಈಗ ಪಾದದ ಹತ್ತಿರ. ಹೊಸದಾಗಿ ಕಲಿತುಕೊಳ್ಳುತ್ತೇನೆ ಎಂದು ಅವರು ಹೇಳಲು ನೋಡಿದರು. "ನಲ್ವತ್ ವರ್ಷದ್ ಕೈ ಕಣವ್ವ" ಎಂದು ಕೈ ಕೆಳಗಿಳಿಸಿದರು. ಅಂಗಡಿ ಹೋದರೆ ಅವರಿಗೆ ಉಳಿಯುವುದು ಮಗಳ ಮನೆಯ ಜಗುಲಿಯ ಮೇಲೊಂದು ಕುರ್ಚಿ, ಅಷ್ಟೇ. ಅದು ನಮ್ಮ ಮೂವರಿಗೂ ಗೊತ್ತಿತ್ತು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟು ನಾನು ಮೇಸ್ತ್ರಿಯನ್ನು ಹುಡುಕಿಕೊಂಡು ಹೋದೆ.

ಮೇಜಿನ ಹಿಂದೆ, ಗೋಡೆಯ ಉದ್ದಕ್ಕೂ ಮೂರಡಿ ಅಗಲ ಹೊಸ ನೆಲ ಕಿತ್ತು ಹಳೆಯ ಮಟ್ಟಕ್ಕೆ ಇಳಿಸಬೇಕು ಎಂದಾಗ ಮೇಸ್ತ್ರಿ ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದರು. ಬೆಳಗಿನ ಸುಣ್ಣದ ಮಾತು ಅವರಿಗಿನ್ನೂ ನೋಯುತ್ತಿತ್ತು.

"ಯಾಕೆ?"

"ಕಾರಣ ಕೇಳಬೇಡಿ ಮೇಸ್ತ್ರಿ."

"ಅಂಗ್ಡಿ ಒಳಗೆ ಗುಂಡಿ ಬುಟ್ರೆ ನೋಡ್ದೋರು ಏನಂತಾರೆ? ಟೀಚರಮ್ಮ ಏಳಿದ್ರು ಅನ್ನಕಿಲ್ಲ, ಮೇಸ್ತ್ರಿ ಕೆಡ್ಸವ್ನೆ ಅಂತಾರೆ. ಆಗಕಿಲ್ಲ."

ಆ ದಿನ ನನಗೆ ಕೋಪ ಬರಲಿಲ್ಲ. ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ಹೇಗೆ ಒಪ್ಪಿಸಬೇಕೋ ತಿಳಿಯದೆ, ಯಜಮಾನರ ಸಲುವಾಗಿ ಮಾಡಿಕೊಡಿ ಎಂದಷ್ಟೇ ಹೇಳಿದೆ. ಮೇಸ್ತ್ರಿ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಅಂಗಡಿಗೆ ಬಂದು, ಮೇಜಿನ ಮುಂದೆ ನಿಂತು, "ಯಜಮಾನ್ರೇ, ಒಸಿ ಬಜೆ ಕೊಡಿ" ಎಂದರು.

ಯಜಮಾನರು ಸೊಂಟದ ಎತ್ತರಕ್ಕೆ ಕೈ ಚಾಚಿದರು. ನಿಲ್ಲಿಸಿದರು. ನೆನಪು ಮಾಡಿಕೊಂಡು ಬಗ್ಗಿ ಕೆಳಗಿನ ಸಾಲನ್ನು ತಡಕಿದರು. ಬೆರಳು ಒಂದು ಗೂಡು ತಪ್ಪಿತು, ಇನ್ನೊಂದಕ್ಕೆ ಹೋಯಿತು, ಮೂಗಿಗೆ ಹಿಡಿದು ಮತ್ತೆ ಇಟ್ಟರು. ಬಜೆ ಸಿಗುವ ಹೊತ್ತಿಗೆ ಅವರ ಹಣೆಯಲ್ಲಿ ಬೆವರಿತ್ತು. ಮೇಸ್ತ್ರಿ ಅದನ್ನೆಲ್ಲ ಕಣ್ಣು ಕದಲಿಸದೆ ನೋಡಿದರು. ಬಜೆಯ ಪೊಟ್ಟಣ ಜೇಬಿಗೆ ಹಾಕಿಕೊಂಡು ಹೊರಗೆ ಬಂದು, "ಆಳ್ ಯಾರೂ ಬ್ಯಾಡ. ನಾಳೀಕೆ ನಾನೊಬ್ನೇ ಬತ್ತೀನಿ" ಎಂದರು.

ಮಾರನೆಯ ದಿನ ಶಟರ್ ಅರ್ಧ ಎಳೆದುಕೊಂಡು, ತಾವೇ ಹಾಕಿದ ನೆಲವನ್ನು ತಾವೇ ಒಡೆದರು. ಜಲ್ಲಿ, ಮರಳು ತೆಗೆದು ಕೆಳಗೆ ಹೋದಾಗ ಹಳೆಯ ಕಡಪ ಕಲ್ಲು ಹಾಗೇ ಇತ್ತು. ಅಂಚಿಗೆ ಇಟ್ಟಿಗೆ ಕಟ್ಟಿ ಸಿಮೆಂಟು ಮೆತ್ತಿ, ಒಂದು ಸಣ್ಣ ಮೆಟ್ಟಿಲನ್ನೂ ಮಾಡಿದರು. ಕೆಲಸ ಮುಗಿದ ಮೇಲೆ ಯಜಮಾನರು ಚಪ್ಪಲಿ ಬಿಟ್ಟು ಅದರೊಳಗೆ ಇಳಿದರು. ನಲವತ್ತು ವರ್ಷ ಒಬ್ಬರೇ ನಿಂತು ಆ ಕಲ್ಲುಗಳು ಎರಡು ಕಡೆ ಸವೆದು ಸಣ್ಣಗೆ ಹಳ್ಳವಾಗಿದ್ದವು. ಅವರ ಪಾದಗಳು ತಡಕದೆ ಆ ಎರಡು ಹಳ್ಳಗಳಲ್ಲಿ ಹೋಗಿ ನಿಂತವು. ಕೈ ಎದೆಯ ಎತ್ತರಕ್ಕೆ ಏರಿತು, ಒಂದು ಹರಳು ಬಾಯಿಗೆ ಹೋಯಿತು. ಅವರ ಹೆಂಡತಿ ಸ್ಟೂಲಿನ ಮೇಲೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನೂ ಅತ್ತೆ.

ಪ್ರಸಾದದ ದಿನ ನಡೆದದ್ದನ್ನು ಆಮೇಲೆ ಮೇಸ್ತ್ರಿಗೆ ಹೇಳಿ, ಸುಣ್ಣದ ಸುಳ್ಳಿಗೆ ಕ್ಷಮೆ ಕೇಳಿದೆ. ತಾವಾಗಿ ಅರಿತವರಿಗೆ ಹೇಳುವುದಕ್ಕೆ ಯಜಮಾನರೇ ಒಪ್ಪಿದ್ದರು. "ಪಟಿಕ ನುಂಗ್ಬುಟ್ರಾ" ಎಂದು ಮೇಸ್ತ್ರಿ ನಕ್ಕರು. ಅವರು ಮತ್ತೆ ನಕ್ಕಿದ್ದು ನನಗೆ ದೊಡ್ಡ ಸಮಾಧಾನವಾಯಿತು.

ಬೀದಿಯವರು ಬಿಡಲಿಲ್ಲ. ಇಷ್ಟು ಮಾಡಿಸಿ ಒಳಗೆ ತಗ್ಗು ಯಾಕೆ ಬಿಟ್ಟಿರಿ ಎಂದು ಹೋಟೆಲಿನವರು ಕೇಳಿದರು, ಬಟ್ಟೆ ಅಂಗಡಿಯವರು ಕೇಳಿದರು. ನಾನೇ ಹಾಗೆ ಮಾಡಿಸಿದೆ ಎಂದರೆ ಯಾಕೆ ಎನ್ನುವ ಮುಂದಿನ ಪ್ರಶ್ನೆ ಬರುತ್ತಿತ್ತು. ಅದು ಬಾರದ ಹಾಗೆ ಮೇಸ್ತ್ರಿಯೇ ಎಲ್ಲರಿಗೂ, "ಮಟ್ಟ ತಪ್ಪೋಯ್ತು ಕಣ್ರೀ" ಎಂದು ಹೇಳಿಕೊಂಡರು. ಬೇರೆ ಯಾವ ಕಾರಣವನ್ನಾದರೂ ಹುಡುಕಬಹುದಿತ್ತು. ನನಗೆ ಹೊಳೆಯಲಿಲ್ಲ, ಅವರು ಹುಡುಕಲಿಲ್ಲ.

ಎರಡು ವರ್ಷದ ನಂತರದ ಮಾತು. ಪಿರಿಯಾಪಟ್ಟಣದವರೊಬ್ಬರು ಮನೆ ಕಟ್ಟಿಸುತ್ತಿದ್ದರು. ಸಿಕ್ಕರೆ ಮೇಸ್ತ್ರಿಗೆ ಅದೊಂದು ದೊಡ್ಡ ಕೆಲಸ, ಒಂದು ವರ್ಷದ ದುಡಿಮೆ. ಅವರ ಕೆಲಸ ನೋಡಬೇಕು ಎಂದು ಆ ಮನುಷ್ಯ ಬಂದಾಗ ನಮ್ಮ ಕಟ್ಟಡವನ್ನು ನಾನೇ ತೋರಿಸಿದೆ. ಸೈಕಲ್ ಅಂಗಡಿಯಿದ್ದ ಮಳಿಗೆಯಲ್ಲಿ ಮೇಸ್ತ್ರಿ ಗೋಲಿ ಇಟ್ಟು ತೋರಿಸಿದಾಗ ಬಂದವರಿಗೆ ಬಹಳ ಮೆಚ್ಚುಗೆಯಾಯಿತು. ಆಮೇಲೆ ಅಗರಬತ್ತಿ ಕೊಳ್ಳಲು ಗ್ರಂದಿಗೆ ಅಂಗಡಿಗೆ ಬಂದವರು ಮೇಜಿನ ಮೇಲೆ ಬಗ್ಗಿ ನೋಡಿ, "ಇದೇನ್ರೀ ಇಲ್ಲಿ ಗುಂಡಿ?" ಎಂದರು.

ತಗ್ಗಿನಲ್ಲಿ ನಿಂತಿದ್ದ ಯಜಮಾನರ ಕೈ ಅಗರಬತ್ತಿಯ ಗೂಡಿನ ಮೇಲೇ ನಿಂತುಬಿಟ್ಟಿತು. ಅವರು ಏನೋ ಹೇಳಲು ಬಾಯಿ ತೆರೆದರು. ಮೇಸ್ತ್ರಿ ಅವರಿಗಿಂತ ಮೊದಲೇ ಹೇಳಿಬಿಟ್ಟರು. "ಅದಾ? ಅವತ್ತೊಂದಿನ ಮಟ್ಟ ತಪ್ಪೋಯ್ತು ಕಣ್ರೀ."

ಆ ಮನುಷ್ಯ ಮೇಸ್ತ್ರಿಯ ಮುಖ ನೋಡಿದರು, ತಗ್ಗು ನೋಡಿದರು. ಮನೆಯಲ್ಲಿ ಕೇಳಿ ತಿಳಿಸುತ್ತೇನೆ ಎಂದು ಅಗರಬತ್ತಿ ತೆಗೆದುಕೊಂಡು ಹೊರಟರು. ಅವರು ಮತ್ತೆ ಬರಲಿಲ್ಲ, ಬರುವುದಿಲ್ಲ ಎಂದು ಆಗಲೇ ನಮಗೆಲ್ಲ ಗೊತ್ತಾಗಿತ್ತು.

ಅಂಗಡಿಯಲ್ಲಿ ನಾವು ನಾಲ್ಕು ಜನ ಉಳಿದೆವು. ಯಜಮಾನರು ಗೋಡೆಯ ಕಡೆ ತಿರುಗಿ, ಎದೆಯ ಎತ್ತರಕ್ಕೆ ಕೈ ಚಾಚಿ, ಎಡದಿಂದ ಐದನೆಯ ಗೂಡಿನಿಂದ ಒಂದು ಹಿಡಿ ತೆಗೆದರು. ಮೇಜಿನ ಮೇಲೆ ತಡಕಿ ಮೇಸ್ತ್ರಿಯ ಕೈ ಹುಡುಕಿ, ಅಂಗೈ ಬಿಡಿಸಿ ಅದರೊಳಗೆ ಸುರಿದು, ಅವರ ಬೆರಳುಗಳನ್ನು ತಾವೇ ಮುಚ್ಚಿದರು.

ಮೇಸ್ತ್ರಿ ಒಂದು ಹರಳನ್ನು ಬಾಯಿಗೆ ಹಾಕಿಕೊಂಡು ಚೀಪಿದರು.

"ಕಲ್ಲುಸಕ್ರೇನೇ ಕಣ್ ಯಜಮಾನ್ರೇ" ಎಂದರು.